ಗೀಗೀ ಎತ್ತುವವಳಿಗೆ

ಹಂಸಭಾವಿ
೯ ಡಿಸೆಂಬರ್ ೨೦೨೪, ಸೋಮವಾರ

ಸವಣೂರಿನಲ್ಲಿ ಮಹಾರಾಣಿಯಂತೆ ಕುಳಿತಿರುವ ನನ್ನ ನೂರಾಗೆ ಗೆಳತಿ ಗುತ್ತಿಯ ಶರಣು, ಸಲಾಮು, ಅದರ ಬೆನ್ನಿಗೇ ಒಂದು ಬುಟ್ಟಿ ಬೈಗುಳ.

ನಾನು ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆಯಲು ಮನಸ್ಸಾಗಲಿಲ್ಲ. ಉಣ್ಣುತ್ತೇನೆ, ಮಲಗುತ್ತೇನೆ, ಬೆಳಗಾದರೆ ಯಾಕೆ ಎದ್ದೆನೋ ಅನ್ನಿಸುತ್ತದೆ. ಇದಕ್ಕೆ ನೀವು ನಿಮ್ಮಲ್ಲಿ ಏನೆನ್ನುತ್ತೀರೋ ಗೊತ್ತಿಲ್ಲ, ನಮ್ಮಲ್ಲಿ ಕ್ಷೇಮ ಎನ್ನುವುದಿಲ್ಲ.

ಫೋನು ಇರುವಾಗ ಕಾಗದ ಯಾಕೆ ಅಂತೀಯಾ? ನಿನ್ನ ಮಗನನ್ನು ಕೇಳು. ಯಾವಾಗ ಫೋನ್ ಮಾಡಿದರೂ ಜಾಕೀರ ಎತ್ತಿ, “ಅಮ್ಮಾ ನಮಾಜಿಗೆ ಕುಂತಾಳ್ರಿ ದೊಡ್ಡವ್ವ” ಅನ್ನುತ್ತಾನೆ. ದಿನಕ್ಕೆ ಐದು ಹೊತ್ತು ಅಂತ ನಾನು ಕೇಳಿದ್ದೆ, ನಿನ್ನದು ಬೆಳಗ್ಗೆ ಶುರುವಾದರೆ ರಾತ್ರಿಯವರೆಗೂ ಮುಗಿಯುವುದಿಲ್ಲವೇ? ಅಲ್ಲಾನಿಗಾದರೂ ಬೇಸರ ಬಂದಿರಬೇಕು. ಅದಕ್ಕೇ ಈ ಕಾಗದ. ನಿನಗೆ ಕನ್ನಡ ಓದಲು ಬರುವುದಿಲ್ಲ, ನನಗೆ ಉರ್ದು ಬರುವುದಿಲ್ಲ. ನಿನ್ನ ಸೊಸೆ ಶಬನಮ ಓದಿ ಹೇಳುತ್ತಾಳೆ, ಕಿವಿಗೊಟ್ಟು ಕೇಳು.

ಹುಬ್ಬಳ್ಳಿಯ ಕ್ಯಾಸೆಟ್ ಕಂಪನಿ ನಮ್ಮನ್ನು ಕೈಬಿಟ್ಟದ್ದು ನಿನಗೆ ಗೊತ್ತು. ಹೇಗೆ ಬಿಟ್ಟರು ಎಂಬುದನ್ನು ನಾನು ಹೇಳಿರಲಿಲ್ಲ, ಹೇಳಲು ನಾಚಿಕೆಯಾಗಿತ್ತು. ದೊಡ್ಡ ಸಾಹುಕಾರರು ತೀರಿಕೊಂಡ ಮೇಲೆ ಅವರ ಮಗ ಕುರ್ಚಿಯಲ್ಲಿ ಕುಳಿತಿದ್ದಾನಲ್ಲ, ಅವನು ನನ್ನನ್ನು ಕೂರಿಸಿ ಚಹಾ ತರಿಸಿದ. ಚಹಾ ತರಿಸಿದಾಗಲೇ ನನಗೆ ಗೊತ್ತಾಯಿತು. ಇಷ್ಟು ವರ್ಷ ಆ ಆಫೀಸಿನಲ್ಲಿ ನಮಗೆ ನೀರು ಬಿಟ್ಟರೆ ಏನನ್ನೂ ಕೊಟ್ಟವರಲ್ಲ. “ನಿಮ್ಮ ಪದಾ ಛಲೋ ಅದಾವ್ರಿ ಅವ್ವಾರ, ಆದ್ರ ಡಿಜೆ ಹಚ್ಚಿ ಕುಣಿಯೋ ಮಂದಿಗೆ ಗೀಗೀ ಯಾಕ ಬೇಕ್ರಿ?” ಅಂದ. ಪದ ಉದ್ದವಾಯಿತಂತೆ, ನಡೆ ನಿಧಾನವಂತೆ, ವಿಡಿಯೋದಲ್ಲಿ ನಮ್ಮ ಮುಖ ಕಂಡರೆ ಮಂದಿ ಮುಂದೆ ತಳ್ಳುತ್ತಾರಂತೆ. ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು. ನಾನು ಚಹಾ ಕುಡಿಯದೆ ಎದ್ದು ಬಂದೆ.

ಆ ಸಿಟ್ಟಿನಲ್ಲೇ ಬಸ್ಸು ಹತ್ತಿದವಳು ಶಿಗ್ಗಾವಿಯಲ್ಲಿ ಇಳಿದುಬಿಟ್ಟೆ. ಅಲ್ಲಿ ಹಿಟ್ಟಿನ ಗಿರಣಿಯ ಮೇಲೆ ‘ಇಲ್ಲಿ ಹಾಡು ರೆಕಾರ್ಡ್ ಮಾಡಲಾಗುವುದು’ ಎಂಬ ಬೋರ್ಡು ಕಂಡಿತ್ತು. ರುದ್ರೇಶ ಎಂಬ ಹುಡುಗ, ಮದುವೆಯ ಹಾಡು ಮಾಡಿಕೊಡುತ್ತಾನೆ. ಕೋಣೆಯ ಗೋಡೆಗೆಲ್ಲ ಮೊಟ್ಟೆ ಇಡುವ ಟ್ರೇ ಹಚ್ಚಿದ್ದಾನೆ, ಹೊರಗಿನ ಸಪ್ಪಳ ಕೇಳಬಾರದು ಅಂತ. ಜೀವಮಾನದಲ್ಲಿ ಮೊಟ್ಟೆ ಮುಟ್ಟದ ನಾನು ಅದರ ನಡುವೆ ಕುಳಿತು ಶರಣರ ಪದ ಹಾಡಿದೆ. ನೀನಿದ್ದಿದ್ದರೆ ನಕ್ಕು ನಕ್ಕು ಮೀಟುವ ತುಂತುಣಿಯನ್ನೇ ಕೆಳಗೆ ಹಾಕುತ್ತಿದ್ದೆ. ಕೆಳಗೆ ಗಿರಣಿ ಶುರುವಾದರೆ ಹಾಡು ನಿಲ್ಲಬೇಕು, ಗಿರಣಿ ನಿಂತರೆ ಹಾಡು ಶುರುವಾಗಬೇಕು. ದುಂಡಸಿಯ ಮೈಲಾರಿ ಡಪ್ಪು ಹಿಡಿದು ಬಂದ. ನಮ್ಮ ಗುರುಗಳ ಬಾಯಿಂದ ಕಲಿತು, ಕಂಪನಿಗೆ ಕೊಡದೆ ಉಳಿಸಿಕೊಂಡಿದ್ದ ಪದಗಳನ್ನೇ ಆರಿಸಿಕೊಂಡೆ. ನಮ್ಮದೇ ಆಲ್ಬಮ್, ಯಾರ ಹಂಗೂ ಇಲ್ಲ. ನಿನಗೆ ಹೇಳಿ ಕಳಿಸಿದೆ. ನೀನು ಬರಲಿಲ್ಲ. ‘ಹುಷಾರಿಲ್ಲ, ನೀನು ಮುಗಿಸು’ ಎಂದು ಮಗನ ಬಾಯಿಂದ ಹೇಳಿಸಿದೆ.

ಮುಗಿಸುವುದು ಹೇಗೆ, ನೂರಾ? ನಮ್ಮ ಪದ ಒಬ್ಬರದಲ್ಲ ಎಂದು ನಿನಗೆ ನಾನು ಹೇಳಿಕೊಡಬೇಕೇ? ನಾನು ಸಾಲನ್ನು ತಂದು ಅಂಚಿನಲ್ಲಿ ಬಿಡುತ್ತೇನೆ, ನೀನು ಗೀಗೀ ಎಂದು ಎತ್ತಿಕೊಂಡು ಹೋಗುತ್ತೀಯ. ಆಮೇಲೆ ನನಗೆ ಉಸಿರು. ಆ ಕೋಣೆಯಲ್ಲಿ ನಾನು ಒಂದೊಂದು ಸಾಲಿನ ಕೊನೆಯಲ್ಲೂ ತಡೆದು ನಿಂತೆ. ನಿಂತದ್ದಲ್ಲದೆ ಎಡಕ್ಕೆ ಕತ್ತು ತಿರುಗಿಸಿದೆ. ನೀನು ನಿಲ್ಲುವುದು ಎಡಕ್ಕೇ ಅಲ್ಲವೇ? ಮುಖ ತಿರುಗಿದರೆ ದನಿ ಮೈಕಿಗೆ ಸಿಗುವುದಿಲ್ಲವಂತೆ. “ಅವ್ವಾರ, ಮೈಕಿನ ಕಡೆ ಮಾರಿ ಮಾಡ್ರಿ, ನಿಲ್ಲಬ್ಯಾಡ್ರಿ, ಹಾಡ್ಕೊಂತ ಹೋಗ್ರಿ, ಗೀಗೀ ಆಮ್ಯಾಲ ಕೂಡಿಸ್ತೇನಿ” ಅಂತ ರುದ್ರೇಶ ಬೇಡಿಕೊಂಡ. ಕತ್ತು ಕೇಳಲಿಲ್ಲ. ಮೂವತ್ತು ವರ್ಷದ ಚಾಳಿ. ಕಡೆಗೆ ಅವನು ನನ್ನ ಎಡಗಡೆಗೆ ಒಂದು ಸ್ಟೂಲಿಟ್ಟು ಮೈಕನ್ನೇ ಅಲ್ಲಿಗೆ ಸರಿಸಿದ. ಆಗ ಬಲಕ್ಕೆ ಯಾರೂ ಇಲ್ಲ, ಎಡಕ್ಕೂ ಯಾರೂ ಇಲ್ಲ. ಹಾಡಿದೆ, ಆದರೆ ಸಾಲು ಸಾಲಿಗೂ ಜಾಗ ಖಾಲಿ ಬಿದ್ದಿತು.

ರುದ್ರೇಶ ಹೇಮಾ ಎಂಬ ಹುಡುಗಿಯನ್ನು ಕರೆಸಿದ. ದನಿ ಚಂದ, ತಾಳ ತಪ್ಪುವುದಿಲ್ಲ. ತಾಳಕ್ಕೆ ಸರಿಯಾಗಿ ಕಾದು ಎತ್ತುತ್ತಾಳೆ, ಅದೇ ತೊಂದರೆ. ನೀನು ಯಾವತ್ತು ಕಾದಿದ್ದೀಯ? ನನ್ನ ಬಾಯಿಂದ ಕಡೆಯ ಅಕ್ಷರ ಇನ್ನೂ ಇಳಿದಿರುವುದಿಲ್ಲ, ಕಸಿದುಕೊಂಡೇ ಬಿಡುತ್ತೀಯ. ಮೊದಮೊದಲು ನಾನು ಅದಕ್ಕೇ ಜಗಳ ತೆಗೆಯುತ್ತಿದ್ದೆ. ಆ ಹುಡುಗಿಯನ್ನು ಜೊತೆಗಿಟ್ಟುಕೊಂಡು ಹಾಡುವಾಗ ನನಗೆ ಯಾರೋ ಹಿಂದಿನಿಂದ ಕೈ ಬಿಟ್ಟಂತಾಯಿತು. ಬೇಡವ್ವ, ನೀನು ಚೆನ್ನಾಗಿ ಹಾಡುತ್ತೀ, ನನಗೇ ಒಗ್ಗುವುದಿಲ್ಲ ಎಂದು ಕಳಿಸಿಬಿಟ್ಟೆ.

ಆಮೇಲೆ ರುದ್ರೇಶ ಒಂದು ಉಪಾಯ ಮಾಡಿದ. ನಮ್ಮ ಹಳೆಯ ಕ್ಯಾಸೆಟ್ಟಿನಿಂದ ನಿನ್ನ ಗೀಗೀಯನ್ನು ಕತ್ತರಿಸಿ, ನನ್ನ ಸಾಲುಗಳ ಹಿಂದೆ ಜೋಡಿಸಿದ. ಕೇಳಿಸಿದಾಗ ಇನ್ನೊಮ್ಮೆ ಹಾಕು ಅಂದೆ. ನನ್ನದು ಈಗಿನ ಸೀಳಿದ ದನಿ, ಅದರ ಬೆನ್ನಿಗೆ ನೀನು ಹೊಸ ಸೊಸೆಯಾಗಿದ್ದ ಕಾಲದ ನೂರಾ. ಅಷ್ಟು ಎತ್ತರಕ್ಕೆ ಹೋಗುತ್ತಿದ್ದೆಯಾ ನೀನು? ಜೊತೆಗಿದ್ದಾಗ ನನಗೆ ತಿಳಿದೇ ಇರಲಿಲ್ಲ. ಅದನ್ನು ಯೂಟ್ಯೂಬಿಗೆ ಹಾಕಿದೆವು. ಹಾನಗಲ್ಲಿನವರು, ಹಿರೇಕೆರೂರಿನವರು ಫೋನು ಮಾಡಿ, “ಗುತ್ತೆವ್ವಾರ, ನೂರಜಹಾನವ್ವಾರ ಇನ್ನೂ ಹಂಗ ಹಾಡ್ತಾರಲ್ರಿ!” ಅಂದರು. ನಾನು ಹೂಂ ಅಂದೆ.

ಒಂದು ವಾರ ತುಂಬಲಿಲ್ಲ, ಆಲ್ಬಮ್ ಮಾಯವಾಯಿತು. ಕಂಪನಿಯ ದೂರಂತೆ. ರುದ್ರೇಶ ಕುಳಿತು ಓದಿ ಹೇಳಿದ, “ನಿಮ್ಮ ದನಿಗೆ ಏನೂ ಅಂದಿಲ್ರಿ ಅವ್ವಾರ. ಹಿಂದಿನ ಗೀಗೀ ಅವರದಂತ.” ಕೇಳಿದೆಯಾ? ಪದ ನಮ್ಮದು, ಡಪ್ಪು ಮೈಲಾರಿಯದು, ನನ್ನ ದನಿ ನನ್ನದು, ನಿನ್ನ ಗಂಟಲು ಮಾತ್ರ ಹುಬ್ಬಳ್ಳಿಯ ಸಾಹುಕಾರನ ಆಸ್ತಿ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಚಿಕೆ ಬಿಟ್ಟು ಅವನಿಗೇ ಫೋನ್ ಮಾಡಿದೆ. “ಅಕೀನ್ನ ಕರಕೊಂಡು ಹೋಗಿ ಹೊಸಾದಾಗಿ ಹಾಡಸ್ರಿ ಅವ್ವಾರ, ನಾವ್ಯಾಕ ಬ್ಯಾಡ ಅಂತೇವಿ” ಅಂದ. ಎಷ್ಟು ಸುಲಭವಾಗಿ ಅಂದ ನೋಡು.

ಈಗ ಎಲ್ಲವೂ ನಿನ್ನ ಮೇಲೆ ನಿಂತಿದೆ. ಹೊಸ ಪದ ಕಲಿಯಬೇಕಾಗಿಲ್ಲ, ಹೊಸ ಸೀರೆ ಉಡಬೇಕಾಗಿಲ್ಲ. ಶಿಗ್ಗಾವಿಗೆ ಬಂದು ಆ ಕೋಣೆಯಲ್ಲಿ ನನ್ನ ಎಡಕ್ಕೆ ನಿಂತು ಗೀಗೀ ಅನ್ನಬೇಕು, ಅಷ್ಟೇ. ದನಿ ಒಡೆದಿದ್ದರೆ ಒಡೆದಿರಲಿ, ನನ್ನದೇನು ಬೆಳ್ಳಿ ಗಂಟೆಯೇ? ನೀನು ಬಾರದೆ ನಾನು ಮುಂದೆ ಒಂದು ಸಾಲೂ ಹಾಡುವುದಿಲ್ಲ. ನಿನ್ನ ಜಾಗಕ್ಕೆ ನಾನಾಗಿ ಯಾರನ್ನೂ ಕರೆದಿಲ್ಲ, ಕರೆಯುವುದೂ ಇಲ್ಲ. ಮಳ್ಳಿ, ಸೊಕ್ಕಿನವಳು, ಮಕ್ಕಳು ದುಡಿಯತೊಡಗಿದರು ಅಂತ ಮಂಚ ಬಿಟ್ಟು ಇಳಿಯದವಳು, ಇಷ್ಟೂ ನೀನೇ. ಬಾ. ನನಗೆ ಬೇರೆ ಯಾರೂ ಬೇಡ.

ಜಾಕೀರನಿಗೂ ಶಬನಮಳಿಗೂ ನನ್ನ ಆಶೀರ್ವಾದ ಹೇಳು. ಸಿಟ್ಟು ಇನ್ನೂ ಇಳಿದಿಲ್ಲ ಎಂಬುದನ್ನು ಮರೆಯಬೇಡ.

ನಿನ್ನ ದಾರಿ ನೋಡುತ್ತಿರುವ,
ಗುತ್ತಿ

ತಾ.ಕ.: ಶಬನಮ, ಇಲ್ಲಿಗೆ ಓದುವುದನ್ನು ನಿಲ್ಲಿಸವ್ವ. ಉಳಿದದ್ದನ್ನು ಒಳಗೆ ಹೋಗಿ ನೀನೊಬ್ಬಳೇ ಓದು, ಆಮೇಲೆ ಈ ಹಾಳೆಯನ್ನು ಒಲೆಗೆ ಹಾಕು.

ನನಗೆ ಎಲ್ಲ ಗೊತ್ತಾಗಿದೆ. ಹೋದ ಗುರುವಾರ ಅವಳನ್ನು ಎಳೆದುಕೊಂಡು ಹೋಗಲೆಂದೇ ಸವಣೂರಿಗೆ ಬಂದಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಜಾಕೀರ ವೀಳ್ಯದೆಲೆ ಮಾರುತ್ತಾ ಕುಳಿತಿದ್ದ. ನನ್ನನ್ನು ಕಂಡವನೇ ಎಲೆಯ ಪೆಂಡಿ ಬಿಟ್ಟು ಓಡಿ ಬಂದು ದಾರಿಗೆ ಅಡ್ಡ ನಿಂತ, ಮನೆಗೆ ಬಿಡಲಿಲ್ಲ. ನೂರಾಳ ಗಂಟಲಿನ ಆಪರೇಷನ್ ಆಗಿ ದನಿಯ ಪೆಟ್ಟಿಗೆಯನ್ನೇ ತೆಗೆದದ್ದು, ಕತ್ತಿನ ತೂತಿನಿಂದ ಉಸಿರಾಡುವುದು, ಇನ್ನು ಮಾತು ಇಲ್ಲವೆಂಬುದು, ಎಲ್ಲ ಅಲ್ಲೇ ಹೇಳಿದ. “ದೊಡ್ಡವ್ವಗ ತಿಳಿಸಿದ್ರ ನನ್ನಾಣೆ ಅಂತ ಉರ್ದೂದಾಗ ಬರದು ತೋರಿಸ್ಯಾಳ್ರಿ. ತಿಳಿದ್ರ ಗುತ್ತಿ ಹಾಡೋದ ಬಿಡ್ತಾಳ ಅಂತಾಳ” ಅಂದ. ಗುತ್ತಿ ಇನ್ನೊಬ್ಬಳನ್ನು ಕಟ್ಟಿಕೊಂಡಳೇನು, ನನ್ನನ್ನು ಮರೆತಳೇನು ಎಂದು ಬರೆದು ಬರೆದು ಕೇಳುತ್ತಾಳಂತೆ. ನಾನು ಬಂದ ಬಸ್ಸಿನಲ್ಲೇ ತಿರುಗಿ ಬಂದೆ. ಆಲ್ಬಮ್ಮಿನ ಕೆಲಸ ಮುಗಿಯಿತು, ಕಾಯಬೇಡ ಎಂದು ರುದ್ರೇಶನಿಗೆ ಹೇಳಿಯಾಯಿತು.

ಮೇಲಿನ ಕಾಗದವನ್ನೆಲ್ಲ ಗೊತ್ತಿದ್ದೇ ಬರೆದೆ. ಅವಳನ್ನು ಹಾಡಲು ಬಾ ಎಂದು ಇನ್ನು ಯಾರು ಕರೆಯುತ್ತಾರವ್ವ, ನಾನಾದರೂ ಕರೆಯಬೇಕು. ಬೈಗುಳ ಒಂದನ್ನೂ ಬಿಡದೆ ಓದು, ಬೈಯದ ಗುತ್ತಿಯನ್ನು ಕಂಡರೆ ಅವಳು ಹೆದರುತ್ತಾಳೆ. ನಾಳೆ ಅವಳು ಬರುತ್ತೇನೆ ಎಂದು ಬರೆದು ತೋರಿಸಿದರೆ, ಹೂಂ ಅನ್ನು, ನನಗೆ ತಿಳಿಸು. ಯಾವಾಗ ಎಂದು ಮಾತ್ರ ಅವಳನ್ನು ಕೇಳಬೇಡ.