ಗಂಗಕ್ಕನ ಸಾವಿನ ವಿಚಾರ

ಬಬ್ಬೂರು
15 ಫೆಬ್ರವರಿ 2026

ಎರ್ರಿಸ್ವಾಮಿ ಭಾವನಿಗೆ ಉಷಾಳ ನಮಸ್ಕಾರ.

ನಾಲ್ಕು ವರ್ಷದ ಮೇಲೆ ನನ್ನ ಕಾಗದ ಕಂಡು, ಹೊಸ ತಕರಾರು ತೆಗೆದಳೇನೋ ಅಂದುಕೊಳ್ಳಬೇಡಿ. ಫೋನಿನಲ್ಲಿ ನಿಮ್ಮ ದನಿ ಕೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ.

ಅಕ್ಕ ಸತ್ತ ದಿನ, ತರಬೇತಿಗೆಂದು ಧಾರವಾಡದಲ್ಲಿದ್ದ ನಾನು ನಿಮ್ಮೂರು ಧರ್ಮಪುರ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದಿರಿ. "ಬಿಸ್ಲು ಕಣಮ್ಮ, ಇಡಂಗಿರ್ಲಿಲ್ಲ" ಅಂದಿರಿ. ನಾನು ನಂಬಲಿಲ್ಲ. ಒಲೆ ಪಕ್ಕದ ಲೋಟದ ತಳದಲ್ಲಿ ಕಪ್ಪು ಕಷಾಯವಿತ್ತು. ಕೀಲುನೋವಿಗೆಂದು ನೀವೇ ಯಾರ ಹತ್ತಿರವೋ ಕೇಳಿ ತಂದದ್ದು. ನಿಮ್ಮ ಕಣ್ಣಲ್ಲಿ ನೀರಿರಲಿಲ್ಲ. ಕುರಿರೊಪ್ಪದ ಕಡೆ ನೋಡುತ್ತ ಕೂತಿದ್ದಿರಿ. ನಲವತ್ತೊಂದರ ಹೆಂಗಸು, ಬಿಪಿ ಇಲ್ಲ, ಶುಗರ್ ಇಲ್ಲ, ಬೆರಳು ಬಾತಿದ್ದೊಂದು ಬಿಟ್ಟರೆ ಏನೂ ಇಲ್ಲ. ಸುಮ್ಮನೆ ಹೇಗೆ ಸಾಯುತ್ತಾಳೆ? ನೆಂಟರೆಲ್ಲರ ಎದುರು "ಇವ್ರೇ ಏನೋ ಕುಡ್ಸವ್ರೆ" ಅಂದೆ. ನಿಮ್ಮ ಮಗಳು ದೀಪಾಳನ್ನು ಕರೆದುಕೊಂಡು ಬಂದೆ. ಅವಳಿಗೂ ಅದನ್ನೇ ಹೇಳಿ ಬೆಳೆಸಿದೆ.

ಹೋದ ವರ್ಷ ಬೆಳಗಿನ ಹೊತ್ತು ನನ್ನ ಬೆರಳುಗಳೂ ಮಡಿಸಲು ಬಾರದಾದವು. ಅಕ್ಕನದೇ ಸಂಧಿವಾತ. ದುರ್ಗದ ಡಾಕ್ಟರು ತೋಳಿಗೂ ಕಾಲಿಗೂ ಪಟ್ಟಿ ಸುತ್ತಿ ನಾಡಿಯ ಓಟ ಅಳೆದರು. ನನ್ನ ರಕ್ತನಾಳಗಳು ವಯಸ್ಸಿಗೆ ಮೀರಿ ಪೆಡಸಾಗಿವೆಯಂತೆ. "ಈ ಕಾಯಿಲೆ ಕೀಲಲ್ಲೇ ನಿಲ್ಲಲ್ಲಮ್ಮ. ಒಳಗಿನ ಉರಿಯೂತ ರಕ್ತನಾಳನೂ ಗಟ್ಟಿ ಮಾಡ್ತೈತೆ. ಸಣ್ಣ ವಯಸ್ಸಿನ ಹೆಂಗಸ್ರಿಗೂ ಹಾರ್ಟ್ ಅಟ್ಯಾಕ್ ಆಗಬೋದು. ಮಾತ್ರೆ ಬಿಡಬ್ಯಾಡ್ರಿ" ಅಂದರು.

ಅವರು ನಿಮ್ಮ ಕಡೆಯವರೇನೋ ಎಂಬ ಅನುಮಾನ ಬಂತು. ಅಕ್ಕನ ಹಳೆಯ ಆಸ್ಪತ್ರೆ ಚೀಟಿಗಳನ್ನೂ ಹಿಡಿದು ದಾವಣಗೆರೆಯಲ್ಲಿ ಇನ್ನೊಬ್ಬರಿಗೆ ತೋರಿಸಿದೆ. ಅವರೂ ಅದನ್ನೇ ಅಂದರು. ಅಕ್ಕನಿಗೆ ಆದದ್ದು ಹೃದಯಾಘಾತವೇ ಇದ್ದೀತು, ಈಗ ಖಚಿತ ಹೇಳಲಾಗದು ಅಂದರು.

ಖಚಿತವಿಲ್ಲವೆಂಬ ಆ ಒಂದು ಮಾತನ್ನು ಇನ್ನೂ ಹಿಡಿದುಕೊಂಡಿದ್ದೇನೆ, ಭಾವ. ಸುಳ್ಳು ಹೇಳಲಾರೆ. ಆ ಕಷಾಯ ಕೊಟ್ಟವರು ಯಾರು, ಅದರಲ್ಲಿ ಏನಿತ್ತು, ಬರೆಯಿರಿ.

ನಿನ್ನೆ ದೀಪಾಗೆ, "ನಿಮ್ಮಪ್ಪನ ಮೇಲೆ ನಾನು ಹೇಳಿದ್ದು ತಪ್ಪಿರಬಹುದು" ಅಂದೆ. "ಹಂಗಾರೆ ಇಷ್ಟ್ ವರ್ಷ ಅಪ್ಪನ್ನ ಯಾಕೆ ನೋಡಾಕ್ ಬಿಡ್ಲಿಲ್ಲ?" ಅಂದಳು. ಮುಂದಿನ ಭಾನುವಾರ ಹತ್ತರ ಬಸ್ಸಿಗೆ ಅವಳನ್ನು ಹತ್ತಿಸುತ್ತೇನೆ. ಸ್ಟ್ಯಾಂಡಿಗೆ ಬನ್ನಿ.

ಇಂತಿ ನಿಮ್ಮ ನಾದಿನಿ,
ಉಷಾರಾಣಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಆ ದಿನ ಬೆಳಗ್ಗೆ ಅಕ್ಕ ನನಗೆ ಫೋನ್ ಮಾಡಿದ್ದಳು. "ಎದೆ ಹಿಡ್ಕಂಡೈತೆ ಕಣೆ, ಮೈಯೆಲ್ಲ ಬೆವರ್ತೈತೆ, ಅವ್ರನ್ನ ಎಬ್ಬಿಸ್ಲಾ?" ಅಂದಳು. "ಗ್ಯಾಸ್ ಇರ್ಬೇಕು, ಸುಮ್ನೆ ಮಲಿಕ್ಕ" ಅಂದೆ. ದೀಪಾಗೆ ಇದನ್ನು ಇನ್ನೂ ಹೇಳಿಲ್ಲ.