ಅಲೆಯ ಮೇಲೆ ಮಲಗಿದವಳು

ಪ್ಯಾರಿಸ್, ಮಾರ್ಚ್ 3, 1868

ಇವತ್ತೂ ಅಲೆಯ ಮೇಲೆ ಮಲಗಿದ್ದೆ. ಅಲೆ ಅಂದರೆ ಹಲಗೆ, ಮೇಲೊಂದು ಹಳೇ ದುಪ್ಪಟಿ. ಎಡಗಾಲು ಜೋಮು ಹಿಡಿಯಿತು. ಒಲೆ ಆರಿತು. ಚಿತ್ರಕಾರ ಮೊಸ್ಯೂ ದಾರ್ಬುವಾನಿಗೆ ಅದೆಲ್ಲ ಎಲ್ಲಿ ಕಾಣಬೇಕು!

"ಅಲ್ಲಾಡ್ಬೇಡ ಝೆಲಿ. ವೀನಸ್ ದೇವಿಗೆ ಚಳಿ ಆಗಲ್ಲ."

ದೇವಿಗೆ ಆಗದಿರಬಹುದು. ಇಸ್ತ್ರಿಯವಳ ಮಗಳಿಗೆ ಆಗುತ್ತದೆ.

ಬಟ್ಟೆಯಿಲ್ಲದೆ ಮಲಗುವ ಕೆಲಸವೆಂದು ಗೊತ್ತಾದಾಗಿನಿಂದ ಅಮ್ಮ ಮಾತು ಬಿಟ್ಟಿದ್ದಾಳೆ. ಹೊಸ ವರ್ಷದ ದಿನ ಹೋದರೂ ಬಾಗಿಲು ತೆಗೆಯಲಿಲ್ಲ.

ಮಾರ್ಚ್ 17

ಚಿತ್ರ ಮುಗಿಯಿತಂತೆ. ನೋಡಿದೆ — ನಾನೇ! ಮೊಂಡು ಮೂಗಿನ ಸಮೇತ. ಬಾಯಿ ಸುಮ್ಮನಿರಲಿಲ್ಲ, ಬೀದಿಗೆಲ್ಲ ಹೇಳಿಬಿಟ್ಟೆ. ಮೇ ತಿಂಗಳ ದೊಡ್ಡ ಪ್ರದರ್ಶನಕ್ಕೆ ಹೋಗುತ್ತದೆ.

ಒನೊರಿನ್ ಚಿಕ್ಕಮ್ಮ ಕುಣಿದಾಡಿದಳು. "ಭಾನುವಾರ ಒಳಗೆ ಹೋಗೋದು ಬಿಟ್ಟಿ ಅಲ್ವಾ? ನಿಮ್ಮಮ್ಮನ್ನೂ ಎಳ್ಕೊಂಡ್ ಬರ್ತೀನಿ. ಕಣ್ಣಾರೆ ನೋಡಿದ್ರೆ ಕರಗ್ತಾಳೆ ಬಿಡು."

ಮೇ 3, ಭಾನುವಾರ

ಹೇಗೆ ಬರೆಯಲಿ... ಪ್ರದರ್ಶನದ ಗೋಡೆಯ ಮೇಲಿದ್ದ ಚಿತ್ರದಲ್ಲಿ ಮೈ ನನ್ನದು. ಮುಖ ಯಾವಳದೋ! ನುಣ್ಣಗೆ, ಗೊಂಬೆಯ ಹಾಗೆ. ನನಗೆ ಒಂದು ಮಾತೂ ಹೇಳದೆ ಅಳಿಸಿ ಬರೆದಿದ್ದಾನೆ.

"ಇದ್ರಲ್ಲಿ ನೀನೆಲ್ಲೇ?" ಚಿಕ್ಕಮ್ಮನ ಗಂಟಲು ಕೇಳಬೇಕೆ. "ಸುಳ್ಳಿ! ಊರಿಗೆಲ್ಲ ಡಂಗುರ ಸಾರಿದ್ದೇ ಸಾರಿದ್ದು!"

ಸುತ್ತಲಿದ್ದವರು ನಕ್ಕರು. ಅಮ್ಮ ನಗಲಿಲ್ಲ. ಚಿತ್ರ ನೋಡಿದಳು, ನನ್ನನ್ನು ನೋಡಿದಳು.

"ನೀನಲ್ಲ ತಾನೆ? ಬಾಯ್ಬಿಟ್ಟು ಹೇಳೇ."

ಆ ಪಾದ, ಆ ಸೊಂಟ, ಆ ಮಡಿಸಿದ ತೋಳು, ಎಲ್ಲ ನಂದೇ ಅನ್ನಬಹುದಿತ್ತು.

"ಅಲ್ಲಮ್ಮ. ಜಂಭಕ್ಕೆ ಹೇಳ್ಕೊಂಡೆ. ಅಲ್ಲಿ ಕಸ ಗುಡಿಸ್ತಿದ್ದೆ ಅಷ್ಟೆ."

ಅಷ್ಟು ಜನರೆದುರು ಅಪ್ಪಿಕೊಂಡು ಅತ್ತಳು. ನನ್ನ ಮಗಳೇ, ನನ್ನ ಮಗಳೇ ಅಂತ. ನಾಚಿಕೆಯಾಯಿತು. ಬೆತ್ತಲೆ ಮಲಗಿದ್ದಾಗ ಒಂದು ದಿನವೂ ಹೀಗೆ ಆಗಿರಲಿಲ್ಲ.

ಮೇ 12

ಅಮ್ಮನ ಮನೆಯಲ್ಲೇ ಇದ್ದೇನೆ. ಸೂಪಿನಲ್ಲಿದ್ದ ಮಾಂಸದ ತುಂಡನ್ನೆಲ್ಲ ನನ್ನ ತಟ್ಟೆಗೇ ಹಾಕುತ್ತಾಳೆ. ಇವತ್ತು ತಾನಾಗಿಯೇ ಚಿತ್ರದ ಮಾತು ತೆಗೆದಳು.

"ಪಾಪ, ಆ ಹುಡುಗಿನ ಹೆತ್ತೋಳಿಗೆ ಹೇಗಾಗಿರ್ಬೇಡ! ಅವಳ ಹೆಸರೇನೇ? ನಿಂಗೆ ಗೊತ್ತಿರ್ಬೇಕಲ್ಲ. ಅವಳ ಹೆಸರಲ್ಲೊಂದು ಮೇಣದಬತ್ತಿ ಹಚ್ಚಿ ಬೇಡ್ಕೊಂಡ್ ಬರ್ತೀನಿ."

ಬಾಯಿಗೆ ಬಂದ ಹೆಸರು ಹೇಳಿದೆ. ಅಮ್ಮ ಶಾಲು ಹೊದ್ದು ಚರ್ಚಿಗೆ ಹೊರಟೇಬಿಟ್ಟಳು. ತಡೆಯಲಿಲ್ಲ ನಾನು. ಈಗ ಅಲ್ಲಿ ಮಂಡಿಯೂರಿ, ಯಾವಳೋ ಒಬ್ಬಳಿಗಾಗಿ — ಅಲ್ಲ, ನನಗಾಗಿಯೇ —