ಧರ್ಮರಾಜ ಕಾಕಾನ ನೀಲಿ ಡ್ರಮ್ಮುಗಳು

ವಿದ್ಯಾಗಿರಿ, ಬಾಗಲಕೋಟೆ
೪ ಮೇ ೨೦೨೫, ರವಿವಾರ

ಪ್ರೀತಿಯ ತಂಗಿ ಭಾಗ್ಯಜ್ಯೋತಿಗೆ,

ನಿನ್ನ ಜಯಕ್ಕನ ಆಶೀರ್ವಾದಗಳು. ನಾವಿಲ್ಲಿ ಆರಾಮ ಇದ್ದೇವೆ. ಇಲಕಲ್ಲಿನಲ್ಲಿ ನೀನು, ದೀಪಕ, ಮಗು ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಇಷ್ಟು ದಿನ ನಿನ್ನ ಫೋನು ಎತ್ತಲಿಲ್ಲ, ತಪ್ಪು ತಿಳಿಯಬೇಡ. ತಿಳಿದರೂ ತಿಳಿ. ಉತ್ತರಪತ್ರಿಕೆ ತಿದ್ದುವ ಕೆಲಸವಿತ್ತು ಎಂದು ಬರೆಯಬಹುದು, ಅದು ಅರ್ಧ ಖರೆ. ಫೋನಿನಲ್ಲಿ ಮಾತಿಗೆ ಕೂತರೆ ನನ್ನ ದನಿ ಏರುತ್ತದೆ, ನೀನು ಅಳುತ್ತೀಯ, ಕೊನೆಗೆ ನಾನೇ ಕೆಟ್ಟವಳಾಗುತ್ತೇನೆ. ವಾಟ್ಸಾಪಿಗೆ ಹಾಕಿದರೆ ನಿನಗಿಂತ ಮೊದಲು ದೀಪಕ ಓದುತ್ತಾನೆ. ಅದಕ್ಕೇ ಈ ಕಾಗದ. ಪೋಸ್ಟಿನಲ್ಲಿ ಲಕೋಟೆ ಕೇಳಿದರೆ ಕೌಂಟರಿನವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

ನಿನ್ನ ಮೆಸೇಜು ಮತ್ತೆ ಮತ್ತೆ ಒಂದೇ: "ಅಷ್ಟ ಗಟ್ಟಿ ಕುಂತಾಕಿ ಅವ್ವ ಒಮ್ಮಿಂದೊಮ್ಮೆಲೆ ಯಾಕ ಜಾಗಾ ಬಿಟ್ಟಳು? ನೀ ಅಲ್ಲೇ ಇದ್ದು ಏನ ಮಾಡಿದಿ ಅಕ್ಕಾ?" ನಾನು ಏನು ಮಾಡಿದೆನಂತೆ! ಕೇಳು ಹಾಗಾದರೆ. ನಿನಗೆ ಗೊತ್ತಿದ್ದದ್ದನ್ನೂ ಮೊದಲಿನಿಂದ ಹೇಳುತ್ತೇನೆ. ಇಷ್ಟು ವರ್ಷ ಪಾಠ ಮಾಡಿ ಮಾಡಿ ಹತ್ತಿದ ಚಟ, ಮತ್ತು ಹಾಗೆ ಹೇಳದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ.

ನಮ್ಮ ಹಳೆಯ ಊರು, ಹೊಲ ಎಲ್ಲ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನಮಗೆ ಉಳಿದದ್ದು ಬೇಸಿಗೆಯ ಆ ದಂಡೆಯೊಂದೇ. ನೀರು ಹಿಂದೆ ಸರಿದಂತೆ ಕರಿ ರೇವೆ ಮಣ್ಣು ಮೇಲೆ ಬರುತ್ತದೆ, ಬಿತ್ತದೆಯೇ ಹುಲ್ಲು ಹುಟ್ಟುತ್ತದೆ. ಅದು ಕಾಗದದ ಮೇಲೆ ಸರ್ಕಾರದ್ದು. ಆದರೆ ಹಳೆಯ ಮನೆತನದವರು ತಮ್ಮ ತಮ್ಮ ಹೊಲ ಇದ್ದ ಜಾಗ ನೆನಪಿಟ್ಟುಕೊಂಡು ಒಂದೊಂದು ಪಟ್ಟಿ ಬಳಸುತ್ತ ಬಂದಿದ್ದಾರೆ. ಅಲ್ಲಿ ಕಲ್ಲಿಲ್ಲ, ಬದುವಿಲ್ಲ, ಜಗಳವೂ ಇರಲಿಲ್ಲ. ನಡುವೆ ಅವ್ವನದೊಂದು ಪಟ್ಟಿ, ಅದಕ್ಕೆ ಹೊಂದಿ ನಿನಗೆ ಕೊಟ್ಟದ್ದೊಂದು, ಒಂದು ಬದಿಗೆ ಮುದಕಪ್ಪನದು, ಇನ್ನೊಂದು ಬದಿಗೆ ಹಜರತಬಿಯ ಸವತೆ ಬಳ್ಳಿ. ಬೇಸಿಗೆಯಲ್ಲಿ ಅವ್ವನ ಕುರಿ ಬದುಕುವುದು ಆ ಹುಲ್ಲಿನ ಮೇಲೆ. ಪಟ್ಟಿ ಹೋದರೆ ಕುರಿ ಹೋದವು. ಕುರಿ ಹೋದರೆ ಅವ್ವ ಹನಮಪ್ಪಣ್ಣನ ಮನೆಯಲ್ಲಿ ಸೊಸೆ ಹಚ್ಚಿದ ಧಾರಾವಾಹಿ ನೋಡುತ್ತ ಗೋಡೆಗೆ ಒರಗಿ ಕೂಡುವ ಮುದುಕಿ. ನಮ್ಮವ್ವ ಹಾಗೆ ಕೂಡುವವಳೇ, ನೀನೇ ಹೇಳು?

ಈ ಸಲ ನೀರು ಇಳಿಯುವ ಮೊದಲೇ ಆಚೆ ದಂಡೆಯ ದೊಡ್ಡ ಊರಿನ ಧರ್ಮರಾಜ ಕಾಕಾ ನೀರಿನಲ್ಲಿ ನೀಲಿ ಡ್ರಮ್ಮು ತೇಲಿಬಿಟ್ಟ. ನೈಲಾನ್ ಹಗ್ಗದಿಂದ ಒಂದಕ್ಕೊಂದು ಕಟ್ಟಿ, ತನ್ನೂರಿನಿಂದ ಹೊರಟು, ನಮ್ಮೂರಿನ ದಂಡೆಗೆ ಮೈ ಉಜ್ಜುವ ಹಾಗೆ ತಂದು, ತಿರುಗಿಸಿ ಒಯ್ದ. ಅದರೊಳಗಿನ ನೀರೆಲ್ಲ ಅವನ ಬಲೆಗೆ. ನೀರು ಇಳಿದ ಮೇಲೆ ನೆಲವೂ ಅವನಿಗೆ. ನಾನು ದಂಡೆಯ ಮೇಲೆ ನಿಂತು ಎಣಿಸಿದೆ, ಒಂಬತ್ತು ಡ್ರಮ್ಮು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೀನಾದವರು ತಮ್ಮ ನಕಾಶೆಯ ಮೇಲೆ ಸಮುದ್ರವನ್ನು ಸುತ್ತುಗಟ್ಟಿದ ಗೆರೆಯೂ ಒಂಬತ್ತು ತುಂಡಿನದು, ಈಚೆಗೆ ಹತ್ತಾಗಿದೆ. ಫೆಬ್ರುವರಿಯಲ್ಲಿ ಕಾಕಾನೂ ಹತ್ತನೆಯ ಡ್ರಮ್ಮು ಬಿಟ್ಟ. ಆ ನಕಾಶೆ ಅವನೇನೂ ನೋಡಿಲ್ಲ. ದೊಡ್ಡವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ ಎಂದು ಕಾಣುತ್ತದೆ.

ಯಾಕ್ರೀ ಹೀಗೆ ಎಂದು ಕೇಳಿದೆ. "ನಮ್ಮ ಅಜ್ಜನ ಕಾಲದಿಂದ ನಾವು ಇಲ್ಲೇ ಮೀನ ಹಿಡಕೋತ ಬಂದೇವಿ, ಟೀಚರಬಾಯಿ," ಅಂದ. ಅಜ್ಜನ ಕಾಲದಲ್ಲಿ ಅಲ್ಲಿ ನೀರೇ ಇರಲಿಲ್ಲ! ಹೊಳೆ ಒಂದು ಮೈಲು ಆಚೆ ಇತ್ತು, ಇಲ್ಲಿ ನಮ್ಮಪ್ಪನ ಬಿಳಿಜೋಳ ಇತ್ತು. "ಅಜ್ಜಾರು ಜೋಳದ ಹೊಲದಾಗ ಬಲಿ ಹಾಕ್ತಿದ್ರೇನ್ರಿ ಕಾಕಾ?" ಅಂದೆ. ಅವನು ನಕ್ಕ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ನಕ್ಕು, "ಚಾ ಕುಡದು ಹೋಗ್ರಿ," ಅಂದ.

ಅದೇ ದಿನಗಳಲ್ಲಿ ನಾನು ಬಿ.ಎ. ಕೊನೆಯ ವರ್ಷದವರಿಗೆ ಇದನ್ನೇ ಪಾಠ ಮಾಡುತ್ತಿದ್ದೆ, ನನ್ನ ಹಣೆಬರಹ ನೋಡು. ಬಲಿಷ್ಠ ನೆರೆಯವನು ಸಮುದ್ರವೆಲ್ಲ ತನ್ನದು ಅಂದಾಗ ಸಣ್ಣ ದೇಶಗಳು ಏನು ಮಾಡುತ್ತವೆ? ಫಿಲಿಪೈನ್ಸಿನವರು ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋದರು, ಗೆದ್ದರು. ಸೋತವನು ತೀರ್ಪನ್ನು ಒಪ್ಪುವುದಿಲ್ಲ ಅಂದ, ಮುಗಿಯಿತು. ವಿಯೆಟ್ನಾಮಿನವರು ಸದ್ದಿಲ್ಲದೆ ಸಮುದ್ರದೊಳಗಿನ ತಮ್ಮ ದಿಬ್ಬಗಳಿಗೆ ಮಣ್ಣು ಸುರಿದು ಎತ್ತರಿಸುತ್ತಾರೆ. ಮಲೇಷ್ಯಾದವರು ದನಿ ಎತ್ತುವುದಿಲ್ಲ, ತಮ್ಮ ಕೆಲಸ ತಾವು ನೋಡಿಕೊಳ್ಳುತ್ತಾರೆ. ಎಲ್ಲರೂ ಕೂಡಿ ಒಂದು ಹೇಳಿಕೆ ಹೊರಡಿಸಿ ಎಂದರೆ, ಆ ಭಾಗದ ಹತ್ತು ದೇಶದವರು ಕೂತು ಒಂದು ಸಲ ಅದನ್ನೂ ಮಾಡಲಾಗದೆ ಎದ್ದುಹೋದರು. ಮುಂದಿನ ಬೆಂಚಿನ ಜರೀನಾ ಎಂಬ ಹುಡುಗಿ ಕೇಳಿದಳು, "ಮೇಡಮ್, ಗೆದ್ದ ಮ್ಯಾಲೂ ನಮ್ಮ ದೋಣಿ ನಮ್ಮ ನೀರಾಗ ಹೋಗಾಕ ಬರಂಗಿಲ್ಲಂದ್ರ ಅದೆಂಥಾ ಗೆಲುವ್ರಿ?" ಗಂಟೆ ಹೊಡೆಯಿತು, ನಾನು ಬದುಕಿದೆ.

ಊರಿಗೆ ಹೋದರೆ ಅಲ್ಲಿಯೂ ಅದೇ. ಹಜರತಬಿ ಪಾಪ ಎಷ್ಟು ಓಡಾಡಿ ತಾಲೂಕು ಕಚೇರಿಯಿಂದ ಆದೇಶ ತಂದಳು, ನೀರು ಮತ್ತೆ ಏರುವ ತನಕ ಹಳೆಯ ಮನೆತನದವರು ದಂಡೆ ಬಳಸಬಹುದು ಎಂದು. ಲ್ಯಾಮಿನೇಷನ್ ಮಾಡಿಸಿಕೊಂಡು ತೋರಿಸಲು ಹೋದರೆ ಕಾಕಾ, "ಛಲೋ ಆತು ಹಜರತಬಿ, ಮನ್ಯಾಗ ಗ್ವಾಡಿಗೆ ಹಾಕ್ಕೋ," ಅಂದ. ನಮ್ಮ ಚಿಕ್ಕಪ್ಪನ ಮಗ ಮುದಕಪ್ಪ ನನ್ನೆದುರು ಹುಲಿ. "ಆ ಡ್ರಮ್ಮ ಹರದು ಒಗದಬಿಡ್ತೇನಿ ಅಕ್ಕಾ, ಏನ ತಿಳಕೊಂಡಾನ ಅಂವಾ!" ಧರ್ಮರಾಜನ ಜೀಪು ಬಂತೋ, "ಬರ್ರಿ ಕಾಕಾ, ಊಟಾತೇನ್ರಿ?" ಆದರೆ ರಾತ್ರಿ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ತನ್ನ ಪಟ್ಟಿಯ ಅಂಚನ್ನು ಮೊಣಕಾಲೆತ್ತರ ಏರಿಸಿಕೊಂಡಿದ್ದಾನೆ, ಮಣ್ಣು ಎಲ್ಲಿಯದು ಎಂದರೆ ಗೊತ್ತಿಲ್ಲ ಅನ್ನುತ್ತಾನೆ. ಹನಮಪ್ಪಣ್ಣನದು ಗೊತ್ತೇ ಇದೆ: "ನಾ ಸರ್ಕಾರಿ ನೌಕರಿಯಾಂವ, ನನ್ನ ಇದರಾಗ ಎಳಿಬ್ಯಾಡ್ರಿ." ಅಣ್ಣಾ, ನಿನ್ನನ್ನು ಯಾವುದರಲ್ಲಿ ಎಳೆಯಲು ಬಂದಿದೆ ಇಲ್ಲಿಯ ತನಕ?

ಇನ್ನು ಅವ್ವ. ಅವಳು ಯಾರನ್ನೂ ಕೇಳಲಿಲ್ಲ, ಹಳೆಯ ಬಂಡಿಯನ್ನು ಎತ್ತು ಹೂಡಿಸಿ ದಂಡೆಗೆ ಒಯ್ದಳು. ರೇವೆಯಲ್ಲಿ ಗಾಲಿ ಅಚ್ಚಿನ ತನಕ ಹೂತಿತು. ಮುದಕಪ್ಪ ಎಳೆದು ತೆಗೆಯಲು ಹೋದರೆ, "ಇರ್ಲಿ ಬಿಡು, ಅಲ್ಲೇ ಇರ್ಲಿ," ಅಂದಳು. ಅದಕ್ಕೇ ಕುರಿ ಕಟ್ಟಿ, ಅದರ ಮೇಲೇ ಗುಡಾರ ಎಳೆದು, ಅಲ್ಲಿಯೇ ಒಲೆ ಹೂಡಿದಳು. ಫಿಲಿಪೈನ್ಸಿನವರೂ ಹೀಗೇ ಒಂದು ತುಕ್ಕು ಹಿಡಿದ ಹಡಗನ್ನು ದಿಬ್ಬದ ಮೇಲೆ ಹತ್ತಿಸಿ, ಅದರಲ್ಲಿ ನಾಲ್ಕು ಸಿಪಾಯಿಗಳನ್ನು ಕೂಡಿಸಿದ್ದಾರೆ, ಅಂದೆ. "ಅವ್ರಿಗೆ ರೊಟ್ಟಿ ಯಾರ ಒಯ್ತಾರ?" ಎಂದು ಕೇಳಿದಳು. ಅದೇ ಕಷ್ಟ, ರೊಟ್ಟಿ ಒಯ್ಯುವ ದೋಣಿಗೇ ಚೀನಾದವರು ನೀರು ಹಾರಿಸುತ್ತಾರೆ, ಅಂದೆ. ಸುಮ್ಮನೆ ಹೇಳಿದ ಮಾತು. ಮರುವಾರ ಕಾಕಾನ ಆಳುಗಳು ಎಂಜಿನ್ ಹಚ್ಚಿ, ಪಕ್ಕದ ನೆಲದಲ್ಲಿ ತಾವು ಬಿತ್ತಿದ್ದ ಗೋವಿನಜೋಳಕ್ಕೆ ನೀರು ಬಿಡುವ ನೆವದಲ್ಲಿ ಪೈಪಿನ ಬಾಯನ್ನು ಅವ್ವನ ಗುಡಾರಕ್ಕೆ ತಿರುಗಿಸಿದರು. ಒಲೆ ಆರಿತು, ಹಿಟ್ಟು ತೊಯ್ದಿತು, ಎರಡು ಮರಿ ಕೆಸರಿನಲ್ಲಿ ಸಿಕ್ಕು ಒದರಿದವು. ಅವ್ವ ಸೀರೆ ಹಿಂಡಿಕೊಂಡು ಮತ್ತೆ ಅಲ್ಲಿಯೇ ಕೂತಳು. ಕೇಳಿದರೆ ಕಾಕಾ, "ಹುಡುಗೂರಿಗೆ ಪೈಪ ಹಿಡಿಯಾಕ ಬರಂಗಿಲ್ಲ ನೋಡ್ರಿ," ಅಂದ.

ಆವತ್ತೇ ನಾನು ಎಲ್ಲರನ್ನೂ ಬೀರಪ್ಪನ ಗುಡಿಗೆ ಕರೆಸಿದ್ದು. ಕಾಕಾನ ಹೂಟ ಒಂದೇ: "ಎಲ್ಲಾರೂ ಕೂಡಿ ಬಂದ್ರ ಗದ್ಲ ಆಗತೈತಿ. ಒಬ್ಬೊಬ್ರ ಬರ್ರಿ, ಮನಿ ಮಂದಿ ಹಂಗ ಮಾತಾಡೂಣು." ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರೇ ಸೋತು ಬರುತ್ತೀರಿ, ಕಾಕಾನ ಹತ್ತಿರ ಯಾರೂ ಬೇರೆ ಮಾತಾಡಕೂಡದು, ಮಾತೇನಿದ್ದರೂ ತಾಲೂಕು ಕಚೇರಿಯ ಸಾಹೇಬರ ಮುಂದೆ ಎಲ್ಲರೂ ಕೂಡಿ, ಎಂದು ಗಂಟಲು ಹರಿದುಕೊಂಡೆ. ಮುದಕಪ್ಪ ಭಂಡಾರ ಮುಟ್ಟಿ ಆಣೆ ಮಾಡಿದ, ಅವ್ವನೂ ಮಾಡಿದಳು. ಹಜರತಬಿ, "ನಮ್ಮ ಮಾತೂ ಅದ ಐತವಾ," ಎಂದು ಕಟ್ಟೆಯ ಮೇಲೆ ಕೈ ಇಟ್ಟಳು. ನಿನಗೆ ಫೋನು ಹಚ್ಚಿದೆ. ನೀನು, "ನಾನೂ ನಿಮ್ಮ ಕೂಡ ಅದೀನಿ ಅಕ್ಕಾ," ಅಂದೆ. ಮೊದಲನೆಯ ಸಲ ನನಗೆ ಧೈರ್ಯ ಬಂತು. ಈ ಜನ್ಮದಲ್ಲಿ ಹತ್ತು ದೇಶದವರಿಗೆ ಆಗದ್ದು ನಮ್ಮೂರಿನ ನಾಲ್ಕು ಮನೆಯವರಿಗೆ ಆಯಿತು ಎಂದು ಹಿಗ್ಗಿದೆ.

ಏಪ್ರಿಲ್ ಮೂರನೆಯ ವಾರದಲ್ಲಿ ಸಾಹೇಬರು ಸ್ಥಳ ನೋಡಲು ಬಂದರು. ಒಳ್ಳೆಯ ಮನುಷ್ಯ, ಬಿಸಿಲಲ್ಲಿ ದಂಡೆಯುದ್ದಕ್ಕೂ ನಡೆದು ನೋಡಿದರು. ಎರಡೂ ಊರಿನ ಮಂದಿ ಸೇರಿತ್ತು. ಹಜರತಬಿ ಆದೇಶ ತೋರಿಸಿದಳು. ಮುದಕಪ್ಪ ಅಷ್ಟು ಮಂದಿಯೆದುರು ಬಾಯಿ ಬಿಟ್ಟ, ನನಗೇ ಆಶ್ಚರ್ಯ. ಎಲ್ಲ ನಮ್ಮ ಕಡೆಗೆ ವಾಲುತ್ತಿತ್ತು. ಆಗ ಅವ್ವ ಎದ್ದು ನಿಂತು, "ಬಿಟ್ಟೇನ್ರಿ ಸಾಹೇಬ್ರ, ನನಗ ಈ ಜಾಗಾ ಬ್ಯಾಡ," ಅಂದಳು. ಸಾಹೇಬರು ಎರಡು ಸಲ ಕೇಳಿದರು. ಎರಡು ಸಲವೂ ಅದೇ ಅಂದಳು. ಅವಳ ಪಟ್ಟಿ ನಡುವಿನದು. ಅದು ಹೋದ ಮೇಲೆ ಉಳಿದವರದು ತುಂಡು ತುಂಡು. ಮುಂದಿನ ವರ್ಷ ಅವೂ ಇರುವುದಿಲ್ಲ. ಹಜರತಬಿ ಅವತ್ತಿನಿಂದ ನನ್ನ ಕೂಡ ಮಾತಾಡಿಲ್ಲ.

ಕುರಿಗಳನ್ನು ಮುದಕಪ್ಪನ ಹಿಂಡಿಗೆ ಬಿಟ್ಟದ್ದಾಯಿತು. ಅವನು ಅವನ್ನು ಹೊಡೆದುಕೊಂಡು ಕೆರೂರಿನ ಕಡೆ ಹೋಗಿದ್ದಾನೆ. ಅವ್ವ ಹನಮಪ್ಪಣ್ಣನ ಮನೆಯಲ್ಲಿದ್ದಾಳೆ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ನನಗೆ ಅವಳು ಬೈದಿದ್ದರೆ ಚೆನ್ನಾಗಿತ್ತು. ಮೊನ್ನೆ ಹೋದಾಗ ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಕುರಿ ಇಲ್ಲದೆ ಉಣ್ಣೆ ಎಲ್ಲಿಯದು ಎಂದರೆ ಹಳೆಯ ಕಂಬಳಿ ಬಿಚ್ಚಿದ್ದಾಳೆ.

ನನಗೆ ರೇಗುತ್ತದೆ ಭಾಗ್ಯಾ. ಕಾಕಾನ ಮೇಲೆ ಅಷ್ಟಿಲ್ಲ, ಅವನು ದೊಡ್ಡವನು, ದೊಡ್ಡವರು ಮಾಡುವುದನ್ನು ಮಾಡಿದ. ನಮ್ಮ ಮೇಲೆ ರೇಗುತ್ತದೆ. ಇಷ್ಟು ಓದಿ, ಇಷ್ಟು ಮಕ್ಕಳಿಗೆ ಓದಿಸಿ, ಒಂದು ದಂಡೆ ಉಳಿಸಿಕೊಳ್ಳಲು ಬರಲಿಲ್ಲ ನನಗೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಒಬ್ಬ, "ಸಣ್ಣ ದೇಶಗಳು ಒಗ್ಗಟ್ಟಿನಿಂದ ಇರಬೇಕು," ಎಂದು ಒಂದೇ ಸಾಲು ಬರೆದು ಮುಗಿಸಿದ್ದಾನೆ. ಪೂರ್ತಿ ಅಂಕ ಕೊಡಬೇಕೋ ಸೊನ್ನೆ ಕೊಡಬೇಕೋ ತಿಳಿಯದೆ ಆ ಉತ್ತರಪತ್ರಿಕೆ ಬದಿಗಿಟ್ಟಿದ್ದೇನೆ.

ಬಿಸಿಲು ಭಾಳ ಇದೆ, ಮಗುವನ್ನು ಮಧ್ಯಾಹ್ನ ಹೊರಗೆ ಬಿಡಬೇಡ. ನಿನ್ನ ಸೊಂಟದ ನೋವಿಗೆ ದವಾಖಾನೆಗೆ ಹೋಗಿ ಬಾ, ಮುಂದೂಡಬೇಡ. ಬೀರಪ್ಪ ನಿನ್ನನ್ನೂ ನಿನ್ನ ಮನೆಯನ್ನೂ ತಣ್ಣಗಿಟ್ಟಿರಲಿ.

ಎಷ್ಟು ಸಿಟ್ಟಾದರೂ ನಿನ್ನವಳೇ ಆದ,
ಜಯಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಅವ್ವ ಯಾಕೆ ಬಿಟ್ಟಳು ಎಂದು ಕೇಳಿದ್ದೆಯಲ್ಲ, ಇಷ್ಟುದ್ದ ಬರೆದರೂ ಅದಕ್ಕೆ ಉತ್ತರ ಕೊಟ್ಟಿಲ್ಲ. ಸಾಹೇಬರು, "ಹಳೇ ಮನೆತನದವ್ರು ಎಲ್ಲಾರೂ ಒಂದ ಮಾತಿನ ಮ್ಯಾಲ ಅದೀರೇನು?" ಎಂದಾಗ ಧರ್ಮರಾಜ ಕಾಕಾ ಅಲ್ಲಿಯೇ ನಿನಗೆ ಫೋನು ಹಚ್ಚಿದ. ಸ್ಪೀಕರ್ ಮಾಡಿ ಮೇಲೆ ಹಿಡಿದ. ಅದು ನಿನಗೆ ಗೊತ್ತಿರಲಿಲ್ಲ ಎಂದು ನನಗೆ ಗೊತ್ತು. ಕೆಲಸವಿಲ್ಲದೆ ನಿಂತ ದೀಪಕನ ಟೆಂಪೋವನ್ನು ಮುಂದಿನ ವಾರದಿಂದ ತನ್ನ ಮೀನು ಸಾಗಿಸಲು ಕಳಿಸು ಎಂದು ಹೇಳಿ, "ನಿಮ್ಮ ಪಟ್ಟೀದು ಏನೂ ತಕರಾರ ಇಲ್ಲಲಾ ಭಾಗ್ಯಾ?" ಎಂದು ಕೇಳಿದ. "ನಮ್ದೇನೂ ಇಲ್ರಿ ಕಾಕಾ, ಮೊದಲ ಹೇಳಿದ್ನೆಲ್ರಿ. ಅವ್ವಗ ಮಾತ್ರ ಹೇಳಬ್ಯಾಡ್ರಿ," ಅಂದೆ ನೀನು. ಎರಡೂ ಊರು ಕೇಳಿತು. ಯಾರೋ ಹಿಂದಿನಿಂದ, "ಹಡದ ತಾಯಿಗೇ ಎರಡ ಬಗದಳಲ್ಲಪಾ," ಅಂದರು. ಅವ್ವ ಎದ್ದದ್ದು ಆಗ. "ಆಕಿಗೆ ಏನೂ ಅನಬ್ಯಾಡ್ರಿ. ನಾನ ಆಕಿಗೆ ಹಂಗ ಅನ್ನು ಅಂತ ಹೇಳಿದ್ದೆ. ಬಿಟ್ಟೇನ್ರಿ ಸಾಹೇಬ್ರ, ನನಗ ಈ ಜಾಗಾ ಬ್ಯಾಡ." ಅದು ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಿನಗೆ ಹೇಳಕೂಡದೆಂದು ಅವಳು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಾಳೆ. "ಆಕಿಗೆ ಗೊತ್ತಾದ್ರ ತವರಮನಿಗೆ ಬರೂದು ಬಿಡ್ತಾಳ," ಅಂದಳು. ನೀನು ಬಾ ಭಾಗ್ಯಾ. ಇದನ್ನು ಓದಿದ ಮೇಲೂ ಬಾ.